ಹತ್ತಕ್ಕೆ ಹತ್ತು ಲೆಕ್ಕ

ಎಸ್ಪಿ ಆಫೀಸಿನ ಮೆಟ್ಟಿಲಲ್ಲಿ ನನಗೆ
ಹಿಮ್ಮಡಿ ಕೂಡಿಸಿ ಸೆಲ್ಯೂಟ್ ಹೊಡೆಯುವ ಜವರಪ್ಪ
ಹಾಸನದಾಚೆಯ ಈ ಮಣ್ಣುದಿಬ್ಬದ ಮುಂದೆ
ವರ್ಷಕ್ಕೊಂದು ದಿನ ಹೇಳುತ್ತಾರೆ:
“ಇಲ್ಲಿ ನೀವು ಮೇಡಂ ಅಲ್ಲ. ಲೇನ್ ನಾಲ್ಕು.”

ಹತ್ತು ಗುಂಡು ಎಣಿಸಿ ಕೊಟ್ಟರು,
ರಿಜಿಸ್ಟರಿಗೆ ಸಹಿ ಹಾಕಿಸಿಕೊಂಡರು.
ಕೆಂಪು ಬಾವುಟ ಗಾಳಿಗೆ ಪಟಪಟ.
ಆರು ಹೋದವು. ಆರಕ್ಕೂ ಮಣ್ಣು ಎದ್ದಿತು.
ಏಳನೆಯದಕ್ಕೆ
ಟಕ್.

ಅಷ್ಟೇ. ಪಕ್ಕದ ಮನೆಯವರು
ಚಿಲಕ ಹಾಕಿಕೊಂಡ ಹಾಗೆ.

“ಬೆರಳು ಹೊರಗೆ.” ಬೆನ್ನ ಹಿಂದೆ ದನಿ.
“ಬಾಯಿ ದಿಬ್ಬದ ಕಡೆಗೇ ಇರ್ಲಿ. ತಿರುಗ್ಬೇಡಿ.
ಸತ್ತಿದೆ ಅಂದ್ಕೋಬೇಡಿ,
ತಡವಾಗಿ ನೆನಪಾಗೋ ಜಾತಿ ಇರ್ತವೆ.
ಮೂವತ್ತು ಎಣಿಸಿ.”

ಒಂದು. ಎರಡು. ಮೂರು.
ಕೈಯಲ್ಲಿದ್ದದ್ದು ಕೆಟ್ಟರೆ ಯಾರಿಗಾದರೂ ತೋರಿಸಬೇಕು,
ಮೈಗೆ ಗೊತ್ತಿರುವುದು ಅದೊಂದೇ.
ಆರನೇ ಕ್ಲಾಸಿನಲ್ಲಿ ಇಂಕ್ ಪೆನ್ನು ಬರೆಯದೆ ನಿಂತಾಗ
“ಮಿಸ್, ಬರೀತಿಲ್ಲ” ಅಂತ ತಿರುಗಿ ಕೊಡವಿದ್ದೆ,
ಹಿಂದಿನ ಬೆಂಚಿನ ತಾಯವ್ವನ ಹೊಸ ಯೂನಿಫಾರ್ಮಿಗೆ
ಎಡ ಭುಜದಿಂದ ಸೊಂಟದವರೆಗೆ ನೀಲಿ.
ಬರೆಯದ ಪೆನ್ನಿನಲ್ಲಿ ಅಷ್ಟೊಂದು ಇಂಕಿತ್ತು.
ಅವಳು ವರ್ಷವಿಡೀ ಅದನ್ನೇ ಹಾಕಿಕೊಂಡು ಬಂದಳು.

ಹದಿನಾಲ್ಕೋ, ಹದಿನಾರೋ.
ಲೆಕ್ಕ ತಪ್ಪಿತು. ಮತ್ತೆ ಹತ್ತರಿಂದ.
ದೂರದಲ್ಲಿ ನವಿಲು ಕೂಗಿತು.
ಮಣಿಕಟ್ಟು ನಡುಗಲು ಶುರುವಾಯಿತು, ಭಾರಕ್ಕಲ್ಲ.
ಹಿಂದಿನ ಶೆಡ್ಡಿನ ಕಂಬದಲ್ಲಿ ಎದೆಮಟ್ಟಕ್ಕೊಂದು ತೂತಿದೆ.
ಅದರ ಸುತ್ತ ಪ್ರತಿ ವರ್ಷ ಜವರಪ್ಪ
ಬೆರಳಲ್ಲಿ ಸುಣ್ಣದ ಉಂಗುರ ಬರೆಯುತ್ತಾರೆ.
ಯಾರು ತಿರುಗಿದ್ದು, ಯಾವ ಬ್ಯಾಚು,
ಕೇಳಿದರೆ ಹೇಳುವುದಿಲ್ಲ.
ಸುಣ್ಣದ ಡಬ್ಬಿ ಮುಚ್ಚಿ ಕೈ ಒರೆಸಿಕೊಳ್ಳುತ್ತಾರೆ.

ಮೂವತ್ತು.

“ಮೊದ್ಲು ಮ್ಯಾಗಜೀನ್ ಇಳ್ಸಿ.
ಅವಸರಕ್ಕೆ ಮೊದ್ಲೇ ಸ್ಲೈಡ್ ಎಳೆದ್ರೆ
ಎದ್ದೋದವನ ಜಾಗಕ್ಕೆ ಇನ್ನೊಬ್ಬ ಬಂದು ಕೂರ್ತಾನೆ,
ಖಾಲಿ ಅಂತ ನೀವು ನಂಬ್ತೀರಿ.”
ಇಳಿಸಿದೆ. ಒಳಗೆ ಮೂರು ಉಳಿದಿದ್ದವು.
ಸ್ಲೈಡ್ ಎಳೆದೆ. ಅರ್ಧಕ್ಕೆ ನಿಂತಿತು.
ಬೆವರಿಗೆ ಅಂಗೈ ಜಾರಿತು.
“ಕೈ ಬಾಯಿಗೆ ಅಡ್ಡ ಹೋಗ್ಬಾರ್ದು.
ಸಿಟ್ಟು ಮಾಡ್ಕೋಬೇಡಿ, ಕಬ್ಬಿಣಕ್ಕೆ ಗೊತ್ತಾಗಲ್ಲ.
ಇನ್ನೊಂದ್ಸಲ, ಪೂರ್ತಿ.”
ಎಳೆದೆ. ಹೊರಬಿತ್ತು,
ಹುಲ್ಲಿನ ಮೇಲೆ, ಹಿತ್ತಾಳೆಯ ಹುಣಸೆಬೀಜ.

“ಈಗ ನೋಡಿ, ಒಳಗೆ.”
ನೋಡಿದೆ. ಕತ್ತಲೆ.
“ಮತ್ತೆ ನೋಡಿ. ಆಮೇಲೆ ಕಿರುಬೆರಳು ಹಾಕಿ ಮುಟ್ಟಿ.
ಕಣ್ಣು ತನಗೆ ಬೇಕಾದ್ದನ್ನ ನೋಡ್ತದೆ.
ಕಿರುಬೆರಳಿಗೆ ಅಷ್ಟು ಬುದ್ಧಿ ಇಲ್ಲ, ಇದ್ದದ್ದು ಹೇಳ್ತದೆ.”
ಏನೂ ಇರಲಿಲ್ಲ. ಬಿಸಿ, ಎಣ್ಣೆ, ಮಸಿ.

ಬಿದ್ದದ್ದನ್ನು ಅವರೇ ಎತ್ತಿಕೊಂಡರು.
ಹಿಂಬದಿಯ ನಡುವೆ ಸೂಜಿ ಬಡಿದ ಗುಳಿ,
ಸರಿಯಾದ ಜಾಗದಲ್ಲೇ, ಸರಿಯಾದ ಆಳಕ್ಕೇ.
ಪೆಟ್ಟು ಬಿದ್ದೂ ಬಾಯಿ ಬಿಟ್ಟಿರಲಿಲ್ಲ.
ಜವರಪ್ಪ ಅದನ್ನು ಬೈಯಲಿಲ್ಲ.
ಕೆಂಪು ಡಬ್ಬಿಯಲ್ಲಿ ಬೇರೆ ಇಟ್ಟರು,
ಮಲಗಿದ ಕೂಸನ್ನು ಇಡುವಷ್ಟು ಮೆಲ್ಲಗೆ.

ಉಳಿದ ಮೂರೂ ಹೋದವು. ಒಂದು ಟಾರ್ಗೆಟ್ಟಿಗೂ ತಗುಲಿತು.

ಖಾಲಿ ಕೊಕ್ಕೆ ಎಂಟೇ ಸಿಕ್ಕಿದ್ದು.
ಒಂಬತ್ತನೆಯದಕ್ಕೆ ಇಡೀ ಸ್ಕ್ವಾಡು ಮೊಣಕಾಲೂರಿ
ಹುಲ್ಲು ಬಾಚಿತು, ಬಿಸಿಲು ನೆತ್ತಿಗೇರುವ ತನಕ.
ಕೊನೆಗೆ ಮುಟ್ಟಿದರೆ ಮುನಿಯ ಪೊದೆಯಲ್ಲಿ.
ಕೈ ಹಾಕಿದ ಕಡೆಯೆಲ್ಲ ಎಲೆ ಮುಚ್ಚುತ್ತ ಹೋಯಿತು,
ಮುಚ್ಚಿದಾಗಲೇ ಅದು ಕಂಡದ್ದು.

ಜವರಪ್ಪ ಗುಂಡುಗುಂಡಗೆ ಬರೆದರು:
ದಾಕ್ಷಾಯಿಣಿ, ಪಿಎಸ್ಐ. ಪಡೆದದ್ದು ಹತ್ತು.
ಖಾಲಿ ಒಂಬತ್ತು. ಜೀವಂತ ಒಂದು.

ಜೀಪು ಹತ್ತುವಾಗ ಹಿಮ್ಮಡಿ ಕೂಡಿಸಿ ಸೆಲ್ಯೂಟ್ ಹೊಡೆದರು.
ನಾನು ಮತ್ತೆ ಮೇಡಂ.
ದುದ್ದ ದಾಟಿದ ಮೇಲೆ ಗಮನಿಸಿದೆ:
ಬಲಗೈ ತೋರುಬೆರಳು
ಇನ್ನೂ ನೆಟ್ಟಗೆ ಚಾಚಿಕೊಂಡೇ ಇದೆ ತೊಡೆಯ ಮೇಲೆ,
ಏನನ್ನೂ ಮುಟ್ಟದೆ.